ಬಿಳಿ ಮೊಟ್ಟೆ

ಮಿಸ್ಸು ಚಿತ್ರವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಹಿಡಿದು, "ವಾಟ್ ಈಸ್ ದಿಸ್, ಬೇಬಿ?" ಎಂದು ಮತ್ತೆ ಕೇಳಿದರು. ಹರಿತಾ ಅಮ್ಮನ ಮುಖ ನೋಡಿದಳು. ಕವಿತ ತುಟಿಯಲ್ಲೇ "ಎಗ್" ಎಂದು ತೋರಿಸಲು ಹೊರಟು, ಮಿಸ್ಸು ನೋಡಿದರೆಂದು ಸುಮ್ಮನಾದಳು.

ಹರಿತಾ ಚಿತ್ರವನ್ನು ಚೆನ್ನಾಗಿ ನೋಡಿ ಗಟ್ಟಿಯಾಗಿ ಹೇಳಿದಳು. "ಗೂಡು."

ಶಿಡ್ಲಘಟ್ಟದ ಆ ಇಂಗ್ಲಿಷ್ ಶಾಲೆಯ ನರ್ಸರಿಗೆ ಸೀಟು ಸಿಗಬೇಕಾದರೆ ಮಗು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಕಲಿತು ಬಂದವರಿಗೆ ಮಾತ್ರ ಕಲಿಸುವ ಶಾಲೆ, ಇದ್ಯಾವ ನ್ಯಾಯವೋ. ಕವಿತ ಸಂಕ್ರಾಂತಿಯಿಂದ ಮಗಳ ಹಿಂದೆ ಬಿದ್ದಿದ್ದಳು. ಅನ್ನದ ತುತ್ತಿಗೊಂದು ಆಪಲ್, ಸ್ನಾನದ ಚೊಂಬಿಗೊಂದು ಬಾಲ್. ತನ್ನ ಓದು ಹತ್ತನೇ ಕ್ಲಾಸಿಗೆ ನಿಂತದ್ದು ಇಂಗ್ಲಿಷಿನಿಂದಲೇ. ಮಗಳು ಹಾಗಾಗಬಾರದು.

"ಮುಂದಿನ ವರ್ಷ ಟ್ರೈ ಮಾಡಿಯಮ್ಮ. ಬೇಸಿಕ್ಸೇ ಇಲ್ಲ" ಎಂದರು ಮಿಸ್ಸು.

"ಮನೇಲಿ ಎಲ್ಲಾ ಹೇಳ್ತಾಳೆ ಮೇಡಂ. ನಮ್ದು ರೇಷ್ಮೆ ಹುಳದ ಮನೆ, ಬಿಳೀ ಗೂಡೇ ನೋಡ್ಕೊಂಡು ಬೆಳ್ದವ್ಳೆ. ನಮ್ಮನೇಲಿ ಮೊಟ್ಟೆ ಕೆಂಪಗಿರ್ತವೆ, ನಾಟಿ ಕೋಳೀವು..."

ಹೇಳುತ್ತಿದ್ದಂತೆ ಕವಿತಳಿಗೆ ತನ್ನ ಮಾತಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಆಯಾ ಬಾಗಿಲಲ್ಲಿ ಮುಂದಿನ ಮಗುವಿನ ಹೆಸರು ಕೂಗಿದಳು.

ಬಸ್ ಸ್ಟ್ಯಾಂಡಿನಲ್ಲಿ ಸಿಟ್ಟು ಕೈಗೆ ಬಂತು. ಹರಿತಾಳ ಬೆನ್ನಿಗೆ ಒಂದು ಬಿತ್ತು. "ಎಷ್ಟು ಸಲ ಹೇಳ್ಕೊಟ್ಟೆ ಕಣೇ? ಎಗ್ ಅನ್ನಕ್ಕೆ ಏನಾಗಿತ್ತು ನಿಂಗೆ?" ಮಗು ಅಳಲಿಲ್ಲ. ಊರು ಬರುವವರೆಗೂ ಅಮ್ಮನ ಸೆರಗು ಹಿಡಿದು ಕೂತಿತ್ತು. ಅದಕ್ಕೇ ಕವಿತಳಿಗೆ ಇನ್ನಷ್ಟು ಉರಿಯಿತು.

ಮನೆಯಂಗಳದಲ್ಲಿ ಅತ್ತೆ ವೆಂಕಟರತ್ನಮ್ಮ ಹುಳ ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆ ಮುಂದೆ ಹಾಕಿಕೊಂಡು ಗೂಡು ಬಿಡಿಸುತ್ತಿದ್ದರು. ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಬೇಕು. ಸುದ್ದಿ ಕೇಳಿಯೂ ಅವರ ಕೈ ನಿಲ್ಲಲಿಲ್ಲ. "ಗೂಡಿನಂಗೆ ಕಂಡೈತೆ, ಗೂಡು ಅಂದೈತೆ. ತಪ್ಪೇನೈತೆ ಅದರಾಗೆ? ಅಂಗನವಾಡಿಗೆ ಕಳ್ಸು, ಹಾಡು ಹೇಳ್ಕೊಂಡಿರ್ತದೆ."

"ಅಂಗನವಾಡಿಗೆ ಹೋಗಿ ನಾನೇನಾದೆ ಅತ್ತೆ? ಇದೇ ಗೂಡು ಬಿಡಿಸ್ತಿದ್ದೀನಿ" ಎಂದು ರೇಗಿ ಕವಿತ ಎದುರಿಗೆ ಕೂತಳು.

ಗೂಡು ಬಿಡಿಸುವಾಗೆಲ್ಲ ಹರಿತಾಳಿಗೊಂದು ಆಟ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ಹುಳ ಸದ್ದು ಮಾಡಿದರೆ "ಅಜ್ಜೀ, ಮಾತಾಡ್ತದೆ" ಎಂದು ಬುಟ್ಟಿಗೆ ಹಾಕುವುದು. ಇವತ್ತು ಅವಳು ದೂರವೇ ನಿಂತಿದ್ದಳು.

"ಬಾರಮ್ಮ, ಇದು ಮಾತಾಡ್ತದೇನೋ ನೋಡು" ಎಂದು ಅಜ್ಜಿ ಕರೆದರು.

ಹರಿತಾ ಬಂದು ಒಂದು ಗೂಡು ಎತ್ತಿ ಕಿವಿಗೆ ಹಿಡಿದಳು. ಬಾಯಿ ತೆರೆದವಳು ಅಮ್ಮನ ಕೈಯನ್ನು ನೋಡಿದಳು.

"ಎಗ್" ಎಂದಳು ಮೆಲ್ಲಗೆ. ಅದನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿದಳು. ಈ ಸಲ ಅಲ್ಲಾಡಿಸಲಿಲ್ಲ. "ಎಗ್."

ವೆಂಕಟರತ್ನಮ್ಮನ ಕೈ ನಿಂತಿತು. ಕವಿತ ತಲೆಯೆತ್ತದೆ ಬಿಡಿಸುತ್ತಲೇ ಇದ್ದಳು. ಬುಟ್ಟಿಗೆ ಹಾಕುವುದನ್ನು ಮರೆತು, ಬಿಡಿಸಿದ ಗೂಡನ್ನೆಲ್ಲ ತನ್ನ ಮಡಿಲಲ್ಲೇ ರಾಶಿ ಹಾಕಿಕೊಳ್ಳುತ್ತಿದ್ದಳು.