ಸತ್ತೆವ್ವ ಊದಿ ಆರಿಸಿದ ದೀಪ

ಗೋಕಾಕದ ಒಂದು ಓಣಿಯಲ್ಲಿ ಶಿವಗಂಗವ್ವನ ಖಾನಾವಳಿ ಇದೆ. ಮುಂದೆ ಊಟದ ಕೋಣೆ, ನಡುವೆ ಅಡುಗೆಮನೆ, ಹಿಂದೆ ಆಕೆಯ ಮನೆ, ಅಡುಗೆಮನೆಯ ಬದಿಗೆ ಹಿತ್ತಲು. ಸುಟ್ಟ ಬದನೆಕಾಯಿ ಪಲ್ಯ ಅಲ್ಲಿ ಹೆಸರುವಾಸಿ. ಅದಕ್ಕೆಂದೇ ದೊಡ್ಡದೊಂದು ಗ್ಯಾಸ್ ಗ್ರಿಲ್ ತಂದು ಕೂರಿಸಿದ್ದಾರೆ. ಅದೊಂದು ಕಬ್ಬಿಣದ ಪೆಟ್ಟಿಗೆ. ಉರಿ ಮೇಲಿನಿಂದ ಕೆಳಗೆ ಬೀಳುತ್ತದೆ, ಜಾಲರಿಯ ಮೇಲೆ ಬದನೆಕಾಯಿ ಸುಡುತ್ತದೆ. ಅದರ ಮುಂದೆ ನಿಲ್ಲುವವಳು ಮಮದಾಪುರದಿಂದ ಬಸ್ಸಿನಲ್ಲಿ ಬರುವ ಸತ್ತೆವ್ವ.

ಆ ಮನೆಯಲ್ಲೊಂದು ಪದ್ಧತಿಯಿತ್ತು. ದಿನದ ಮೊದಲ ಉರಿಯನ್ನು ದೇವರ ಜಗಲಿಯ ದೀಪದಿಂದಲೇ ಹೊತ್ತಿಸಬೇಕು. ದೀಪವನ್ನು ಶಿವಗಂಗವ್ವನೇ ತರಬೇಕು. ಸತ್ತೆವ್ವನನ್ನು ಜಗಲಿಯ ಹತ್ತಿರ ಯಾರೂ ಕರೆದಿರಲಿಲ್ಲ. ದೀಪ ದಾರಿಯಲ್ಲಿ ಆರಿದರೆ ಅಪಶಕುನ. ಆದ್ದರಿಂದ ಅದು ಬಂದ ಕೂಡಲೇ ಉರಿ ಹಿಡಿಯಲೆಂದು ಶಿವಗಂಗವ್ವ ಒಳಗಿನಿಂದಲೇ ಕೂಗುತ್ತಿದ್ದಳು: “ಸತ್ತೆವ್ವಾ, ಗ್ಯಾಸ್ ಬಿಡು!”

ಆಮೇಲೆ ಮೊಣಕಾಲು ನೋವಿನ ಕಾಲೆಳೆಯುತ್ತ, ದೀಪಕ್ಕೆ ಅಂಗೈ ಮರೆಮಾಡಿ ನಿಧಾನವಾಗಿ ಬರುತ್ತಿದ್ದಳು. ಅಷ್ಟರಲ್ಲಿ ಗ್ರಿಲ್ಲಿನಲ್ಲಿ ಗ್ಯಾಸ್ ತುಂಬಿರುತ್ತಿತ್ತು. ದೀಪ ತಾಗಿದೊಡನೆ ‘ಭಪ್’ ಎಂಬ ಸದ್ದು.

“ನೋಡು, ದೇವ್ರು ಓಗೊಟ್ಟ,” ಎಂದು ಶಿವಗಂಗವ್ವ ಕೈಮುಗಿಯುತ್ತಿದ್ದಳು.

ಒಂದು ಸೋಮವಾರ ಆ ‘ಭಪ್’ ಪೆಟ್ಟಿಗೆಯಿಂದ ಹೊರಗೆ ನುಗ್ಗಿತು. ಸತ್ತೆವ್ವನ ಹುಬ್ಬು ಕರಕಾಯಿತು, ಮುಂಗೈಯಲ್ಲಿ ಬೊಬ್ಬೆ ಎದ್ದಿತು. ನಲ್ಲಿಯ ತಣ್ಣೀರಿಗೆ ಬಹಳ ಹೊತ್ತು ಕೈಯೊಡ್ಡಿ ನಿಂತವಳು, ಗ್ರಿಲ್ ಜೋಡಿಸಿದ್ದ ಹುಕ್ಕೇರಿಯ ರಾಚಪ್ಪನಿಗೆ ಫೋನ್ ಮಾಡಿದಳು.

“ತಂಗೀ, ಗ್ಯಾಸ್ ಬಿಟ್ಟು ಬೆಂಕಿ ಹುಡುಕಬಾರ್ದು,” ಎಂದ ರಾಚಪ್ಪ. “ಬೆಂಕಿ ಹಿಡದು ಗ್ಯಾಸ್ ಬಿಡಬೇಕು. ಅದು ಗಾಳಿಗಿಂತ ಭಾರ. ಹೊಗಿ ಹಂಗ ಮ್ಯಾಲ ಹೋಗಂಗಿಲ್ಲ, ನೀರಿನಂಗ ಕೆಳಗ ಹರದು ಮೂಲಿ ಹಿಡದು ಕುಂದರ್ತೈತಿ.”

ಮರುದಿನ ಒಳಗಿನಿಂದ ಕೂಗು ಬಂತು. ಸತ್ತೆವ್ವ ಕದಲಲಿಲ್ಲ.

“ನಾ ಗ್ಯಾಸ್ ಬಿಡಂಗಿಲ್ರಿ, ಅವ್ವಾರ. ಮೊದಲ ದೀಪಾ ತರ್ರಿ.”

ಶಿವಗಂಗವ್ವ ಬರಿಗೈಯಲ್ಲಿ ಹೊರಬಂದಳು. “ಇದು ನಮ್ಮ ಅತ್ತಿ ಕಾಲದಿಂದ ನಡದು ಬಂದದ್ದು.”

“ನಿಮ್ಮ ಅತ್ತಿ ಕಾಲಕ್ಕ ಕಟಗಿ ಒಲಿ ಇತ್ರಿ. ಕಟಗಿ ನಿಮ್ಮ ದಾರಿ ಕಾಯ್ತಿತ್ತು. ಗ್ಯಾಸ್ ಕಾಯಂಗಿಲ್ಲ.”

“ಬಾಳ ಮಾತ ಕಲ್ತಿ! ಆಗಂಗಿಲ್ಲಂದ್ರ ಮಮದಾಪುರದ ಬಸ್ಸ ಹಿಡಿ. ನಾಳಿಂದ ಬರಬ್ಯಾಡ.”

“ಹಿಡೀತೇನ್ರಿ. ಆದ್ರ ಸುಟ್ಟ ಮಾರಿ ಹೊತಗೊಂಡು ಹಿಡ್ಯಂಗಿಲ್ಲ.”

ಶಿವಗಂಗವ್ವ ತಾನೇ ಗ್ರಿಲ್ಲಿನ ಗ್ಯಾಸ್ ಗುಂಡಿಯನ್ನು ಪೂರ್ತಿ ತಿರುಗಿಸಿ ದೀಪ ತರಲು ಹೋದಳು. ಸತ್ತೆವ್ವ ಚೀಲ ಎತ್ತಿಕೊಂಡು ಹೊರಟುಬಿಡಬಹುದಿತ್ತು. ಹೊರಡಲಿಲ್ಲ. ಗುಂಡಿ ಬಂದ್ ಮಾಡಿದಳು, ಸಿಲಿಂಡರಿನ ಬಾಯಿ ಮುಚ್ಚಿದಳು, ಹಿತ್ತಲ ಬಾಗಿಲು ತೆರೆದಳು. ಆದರೆ ಅಷ್ಟರೊಳಗೆ ಬಿಟ್ಟ ಗ್ಯಾಸ್ ನೆಲ ಹಿಡಿದಿತ್ತು. ದೀಪ ಬರುತ್ತಲೇ ಇತ್ತು.

“ಅಲ್ಲೇ ನಿಂದರ್ರಿ!”

“ಬಾಜೂ ಸರಿ!”

ಸತ್ತೆವ್ವ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತಳು. ಬಾಗಿ, ಒಂದೇ ಉಸಿರಿಗೆ ದೀಪವನ್ನು ಊದಿ ಆರಿಸಿದಳು.

ಆ ಮನೆಯಲ್ಲಿ ದೀಪವನ್ನು ಬಾಯಿಂದ ಆರಿಸಿದವರೇ ಇರಲಿಲ್ಲ. ಶಿವಗಂಗವ್ವ ಚೀರಿದಳು: “ಜಗಲಿ ದೀಪಾ... ಊದಿದೆಲ್ಲೇ!”

“ಊದಿದೆ. ಬೈರಿ, ಬಡೀರಿ. ಅದಕ್ಕೂ ಮೊದಲ ಒಮ್ಮಿ ಕೆಳಗ ಬಗ್ಗಿ ಮೂಸಿ ನೋಡ್ರಿ.”

“ಏನೂ ನಾತ ಇಲ್ಲ. ಇದ್ರೂ ಫ್ಯಾನ್ ಹಚ್ಚಿದ್ರ ಹೋಗ್ತೈತಿ.” ಸ್ವಿಚ್ಚಿನತ್ತ ಚಾಚಿದ ಆಕೆಯ ಕೈಯನ್ನು ಸತ್ತೆವ್ವ ಗಟ್ಟಿಯಾಗಿ ಹಿಡಿದಳು.

“ಹಚ್ಚಬ್ಯಾಡ್ರಿ! ಸ್ವಿಚ್ಚಿನ ಕಿಡಿ ಒಂದ ಸಾಕು. ಬಗ್ರಿ ಮೊದಲ.”

ಶಿವಗಂಗವ್ವ ಮೊಣಕಾಲು ಹಿಡಿದು ಬಗ್ಗಿದಳು. ಸದಾ ತಪಕೀರಿನ ನಶ್ಯ ಏರಿಸಿ ಜಡ್ಡುಗಟ್ಟಿದ ಮೂಗು ಅದು. ಆ ಮೂಗಿಗೂ ವಾಸನೆ ರಪ್ಪನೆ ಬಡಿಯಿತು. ಆಕೆ ಒಮ್ಮೆ ಹೊಸ್ತಿಲನ್ನು ನೋಡಿದಳು, ಒಮ್ಮೆ ಕೈಯಲ್ಲಿದ್ದ ದೀಪವನ್ನು ನೋಡಿದಳು. ಸತ್ತೆವ್ವನ ಜೊತೆ ಹಿತ್ತಲಿಗೆ ನಡೆದಳು. ಅಲ್ಲಿಂದಲೇ ರಾಚಪ್ಪನಿಗೆ ಫೋನ್ ಹೋಯಿತು.

ಓಣಿಯಲ್ಲಿ ಗಿರಾಕಿಗಳು ಗೊಣಗತೊಡಗಿದರು. “ಏನವಾ, ಇವತ್ತ ಉಪಾಸ ಏನು?”

“ಹೊರಗ ನಿಂದರ್ರಿ!” ಶಿವಗಂಗವ್ವ ಹಿತ್ತಲಿನಿಂದಲೇ ಗದರಿದಳು. “ಉಳದ್ರ ನಾಳೆನೂ ಉಣ್ಣೀರಿ.”

ರಾಚಪ್ಪ ಬಂದ. ಮೊದಲು ನೆಲಮಟ್ಟದಲ್ಲಿ ಮೂಸಿ, ವಾಸನೆ ಪೂರ್ತಿ ಹೋಗಿದೆಯೆಂದು ಖಚಿತ ಮಾಡಿಕೊಂಡ. ನಂತರ ಸಿಲಿಂಡರ್ ತೆರೆದು ಕೊಳವೆಯ ಜೋಡಣೆಗೆ ಸಾಬೂನಿನ ನೀರು ಹಚ್ಚಿದ. ಒಂದು ಕಡೆ ಗುಳ್ಳೆ ಎದ್ದಿತು.

“ಇಲ್ಲೂ ಸೋರಾಕತ್ತೈತಿ ನೋಡ್ರಿ, ಕಾಕೂ. ಸೋರಿಕಿ ನೋಡಾಕ ಯಾವತ್ತೂ ಕಡ್ಡಿ ಗೀರಬ್ಯಾಡ್ರಿ.” ಮತ್ತೆ ಸಿಲಿಂಡರ್ ಮುಚ್ಚಿ ಕೊಳವೆ ಬದಲಿಸಿದ. ಗ್ರಿಲ್ಲಿನ ಕೆಳಗಿನ ತಟ್ಟೆಯನ್ನು ಎಳೆದ, ಜಿಡ್ಡು ಹೆಪ್ಪುಗಟ್ಟಿತ್ತು. “ದಿನಾ ಗ್ರಿಲ್ ತಣ್ಣಗಾದ ಮ್ಯಾಲ ಇದನ್ನ ತಗೀರಿ. ಈ ಜಿಡ್ಡಿಗೆ ಬೆಂಕಿ ಹತ್ತಿದ್ರ ನೀರ ಉಗ್ಗಬ್ಯಾಡ್ರಿ, ಉರಿ ಸಿಡದು ಮೈಮ್ಯಾಲ ಬರ್ತೈತಿ. ಗ್ಯಾಸ್ ಬಂದ್ ಮಾಡ್ರಿ. ಬೆಂಕಿ ಆರಿಸೋ ಪೌಡರಿನ ಸಿಲಿಂಡರ್ ಒಂದ ಬಾಗಿಲ ಹತ್ರ ಇಡ್ರಿ, ಹೆಂಗ ಹೊಡಿಯೂದಂತ ಕಲೀರಿ. ಇನ್ನೊಂದ ಮಾತು. ಬೆಂಕಿ ಹಿಡಿಯಾಕಿ, ಗುಂಡಿ ತಿರುವಾಕಿ ಒಬ್ಬಾಕಿನ ಇರಬೇಕು.”

ಶಿವಗಂಗವ್ವ ತಡೆದು ಕೇಳಿದಳು: “ಅಂದ್ರ ದೀಪಾ ಸತ್ತೆವ್ವನ ಕೈಯಾಗ?”

ರಾಚಪ್ಪ ತಲೆ ತಗ್ಗಿಸಿ ಕೊಳವೆ ನೋಡತೊಡಗಿದ. ಉತ್ತರ ಕೊಟ್ಟವಳು ಸತ್ತೆವ್ವ. “ಗ್ಯಾಸ್ ಯಾರ ಕೈ ಅಂತ ಕೇಳಂಗಿಲ್ರಿ, ಅವ್ವಾರ. ಯಾವುದು ಮೊದಲ ಅಂತ ಅಷ್ಟ ಕೇಳ್ತೈತಿ.”

ಮರುದಿನ ಬೆಳಿಗ್ಗೆ ಒಳಗಿನಿಂದ ಕೂಗು ಬಂತು. ಆದರೆ ಅದು ಹಳೆಯ ಕೂಗಲ್ಲ.

“ಸತ್ತೆವ್ವಾ, ಒಳಗ ಬಾ. ದೀಪಾ ತಗೋ.”

ಸತ್ತೆವ್ವ ಮೊದಲು ಬಗ್ಗಿ ಮೂಸಿದಳು. ವಾಸನೆಯಿಲ್ಲವೆಂದಾದ ಮೇಲೆ ಕಿಟಕಿ ತೆರೆದು ಫ್ಯಾನ್ ಹಾಕಿದಳು, ಸೆರಗು ಸಿಕ್ಕಿಸಿ ಸಿಲಿಂಡರ್ ತೆರೆದಳು. ಜಗಲಿಯ ದೀಪದಿಂದ ಉದ್ದನೆಯ ಕಬ್ಬಿಣದ ಕಡ್ಡಿಯ ತುದಿಗೆ ಸುತ್ತಿದ ಬತ್ತಿ ಹೊತ್ತಿಸಿಕೊಂಡು ಬಂದು, ಮುಖವನ್ನು ದೂರವಿಟ್ಟು, ಉರಿಯನ್ನು ಬರ್ನರಿಗೆ ಹಿಡಿದಳು. ಅನಂತರವೇ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ನೀಲಿ ಉರಿ ಸಾಲಾಗಿ ಹರಡಿತು.

“ಸಪ್ಪಳನ ಬರಲಿಲ್ಲಲ್ಲ?” ಶಿವಗಂಗವ್ವ ಕಿವಿಗೊಟ್ಟಳು.

“ಬರಬಾರ್ದ್ರಿ.”

ಗೋಕಾಕ, ಮೂಡಲಗಿ, ಹುಕ್ಕೇರಿಯ ಖಾನಾವಳಿ, ಧಾಬಾಗಳಲ್ಲಿ ಉರಿಯ ಮುಂದೆ ನಿಲ್ಲುವ ಅಕ್ಕಂದಿರೇ, ಅಣ್ಣಂದಿರೇ! ಯಜಮಾನರು ಗದರಲಿ, ಗಿರಾಕಿಗಳು ಗೊಣಗಲಿ, ಮೊದಲು ಬೆಂಕಿ, ಆಮೇಲೆ ಗ್ಯಾಸ್. ಉರಿ ಕೂಡಲೇ ಹತ್ತದಿದ್ದರೆ ಗುಂಡಿ ಮುಚ್ಚಿ, ಕನಿಷ್ಠ ಐದು ನಿಮಿಷ ಕಾಯಿರಿ. ವಾಸನೆ ಬಂದರೆ ಸಿಲಿಂಡರ್ ಮುಚ್ಚಿ, ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸಹಾಯವಾಣಿ 1906ಕ್ಕೆ ಕರೆ ಮಾಡಿರಿ. ಬೆಂಕಿ ಎದ್ದರೆ ಅಗ್ನಿಶಾಮಕದ 101ಕ್ಕೆ. ಅಪಾಯ ಕಂಡಾಗ ‘ಹೊತ್ತಿಸುವುದಿಲ್ಲ’ ಎಂದು ಗಟ್ಟಿಯಾಗಿ ಹೇಳಿರಿ. ಊದಬೇಕಾದ ದೀಪವನ್ನು ಅಂಜದೆ ಊದಿರಿ. ಮರುದಿನ ಅದನ್ನು ಮತ್ತೆ ಹಚ್ಚಲು ನೀವಿರುತ್ತೀರಿ.