ಭಾವನ ಹೊಟ್ಟೆಗೆ ಹೊಲಿಗೆ

ಮೀನುಮರಿ ಮಾಡಿ ಮಾರುವ ಆ ಮನೆಗೆ ಸೊಸೆಯಾಗಿ ಬಂದವಳು ದರ್ಜಿ. ಮಲಗುವಾಗಲಾದರೂ ಕೊರಳಿನ ಅಳತೆಪಟ್ಟಿ ತೆಗೆಯುತ್ತಾಳೋ ಇಲ್ಲವೋ ಎನ್ನುವಷ್ಟು ಕಸುಬಿನ ಹುಚ್ಚು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಸಿಮೆಂಟು ತೊಟ್ಟಿಗಳು. ಕೊನೆಯದರಲ್ಲಿ ತೋಳುದ್ದದ ಒಂದು ಗಂಡು ಕ್ಯಾಟ್‌ಫಿಶ್ ಮೀಸೆ ಬಿಟ್ಟುಕೊಂಡು ಗತ್ತಿನಿಂದ ಅಡ್ಡಾಡುತ್ತಿತ್ತು. ತನ್ನ ಗಂಡನಿಗಿಂತ ಇದಕ್ಕೇ ಹಿರಿಯರ ಕಳೆ ಜಾಸ್ತಿ ಎಂದು ಅವಳು ಅದನ್ನು 'ಭಾವ' ಎಂದು ಕರೆದಳು. ತೊಟ್ಟಿಯ ಅಂಚು ತಟ್ಟಿದರೆ ಸಾಕು, ಭಾವ ಮೇಲೆ ಬಂದು ಅವಳ ಕೈಯಿಂದಲೇ ತಿನ್ನುತ್ತಿತ್ತು. ಮಾವ ನಾಲ್ಕು ಮಾತಾಡಿದರೆ ಹೆಚ್ಚು, ಗಂಡ ಸದಾ ಗಡಿಬಿಡಿ. ಆ ಮನೆಯಲ್ಲಿ ಅವಳಿಗೆ ಮೊದಲು ಸಿಕ್ಕ ಗೆಳೆಯ ಭಾವನೇ.

ಅಂದು ಸಂಜೆ ಮಾವ ಎರಡು ಹೆಣ್ಣುಮೀನುಗಳ ಬೆನ್ನಿಗೆ ಹಾರ್ಮೋನ್ ಸೂಜಿ ಚುಚ್ಚಿದರು. ತೊಟ್ಟಿಯಲ್ಲಿ ಸಾಕಿದ ಈ ಮೀನು ತಾನಾಗಿ ಮೊಟ್ಟೆಯಿಡುವುದಿಲ್ಲ. ಸೂಜಿ ಬಿದ್ದರೆ ಬೆಳಗಾಗುವಷ್ಟರಲ್ಲಿ ಮೊಟ್ಟೆ ಪಕ್ವವಾಗಿ, ಹೊಟ್ಟೆ ನೀವಿದರೆ ಇಳಿಯುತ್ತದೆ. ಗಂಡಿನದು ಹಾಗೆ ನೀವಿದರೆ ಬರುವುದಿಲ್ಲ. ಹೊಟ್ಟೆ ಕೊಯ್ದು ವೀರ್ಯದ ಚೀಲವನ್ನೇ ತೆಗೆಯಬೇಕು. ಹಾಗಾಗಿ ಪ್ರತಿ ಸಲವೂ ಒಂದು ಗಂಡು ಸಾಯುತ್ತಿತ್ತು.

ಬೆಳಿಗ್ಗೆ ನೋಡಿದರೆ ಗಂಡುಗಳ ತೊಟ್ಟಿ ಖಾಲಿ!

"ಮಾರೋ ಮೀನು ಅನ್ಕೊಂಡೆ ಅಪ್ಪಾ," ಎಂದು ಮಗ ತಲೆ ಕೆರೆದುಕೊಂಡ. ಮಾವ ಮುಖ ತೊಳೆದು ಬರುವಷ್ಟರಲ್ಲಿ ಈ ಪುಣ್ಯಾತ್ಮ ಎಲ್ಲವನ್ನೂ ಬಾಚಿ ವ್ಯಾಪಾರಿಯ ಬುಟ್ಟಿಗೆ ತುಂಬಿ ಕಳಿಸಿಬಿಟ್ಟಿದ್ದ.

"ಕೊನೇ ತೊಟ್ಟೀದನ್ನ ಹಿಡಿ. ಮೊಟ್ಟೆ ಕಾಯಲ್ಲ," ಎಂದು ಮಾವ ಚಾಕು ಒರೆಸಿದರು.

ಸೊಸೆ ಓಡಿ ಬಂದು ಅಡ್ಡ ನಿಂತಳು. "ಮಾವಾ, ಭಾವನ್ನ ಕೊಯ್ತೀರಾ?"

"ಯಾವ ಭಾವ?" ಒಬ್ಬನೇ ಮಗನನ್ನು ಹೆತ್ತ ಮಾವ ಗಾಬರಿಯಾದರು.

ಅವಳು ತೊಟ್ಟಿಯ ಕಡೆ ಬೆರಳು ತೋರಿಸಿದಳು. "ಒಳಗೆ ಎಷ್ಟು ಚೀಲ ಇರುತ್ತೆ?"

"ಎರಡು."

"ಒಂದು ಸಾಕಾಗಲ್ವಾ?"

"ಸಾಕಾಗುತ್ತೆ. ಆದ್ರೆ ಹೊಟ್ಟೆ ಕೊಯ್ದ ಮೇಲೆ?"

"ನಾನು ಹೊಲೀತೀನಿ."

"ಮೀನೇನು ರವಿಕೆನಾ ತಾಯಿ?"

"ಅಂಗಿ ಹರಿದ್ರೆ ಬಿಸಾಕ್ತೀರಾ ಮಾವ?"

ಮಾವ ತಮ್ಮ ಅಂಗಿಯ ತೋಳನ್ನೊಮ್ಮೆ ನೋಡಿಕೊಂಡರು. ಮೊನ್ನೆ ಅವಳೇ ಹೊಲಿದುಕೊಟ್ಟದ್ದು. "ಸತ್ರೆ ನನ್ನ ಬೈಬೇಡ," ಎಂದರು.

ಬೋಗುಣಿಯ ನೀರಿಗೆ ಲವಂಗದ ಎಣ್ಣೆ ಬಿಟ್ಟು ಭಾವನಿಗೆ ಮಂಪರು ಬರಿಸಿದರು. ಗಂಡ ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಡಿದ. ಮಾವ ಎಂದೂ ಇಲ್ಲದಷ್ಟು ಚಿಕ್ಕದಾಗಿ ಕೊಯ್ದು ಒಂದೇ ಚೀಲ ತೆಗೆದರು. ಅವಳು ಕುದಿಸಿದ ಸೂಜಿಗೆ ರೇಷ್ಮೆ ದಾರ ಪೋಣಿಸಿದಳು. ಮದುವಣಗಿತ್ತಿಯರ ರವಿಕೆಯನ್ನೂ ಸರಸರನೆ ಹೊಲಿಯುವವಳು ಈಗ ಜಾರುವ ಚರ್ಮಕ್ಕೆ ನಿಂತು ನಿಂತು ಒಂದೊಂದೇ ಹೊಲಿಗೆ ಹಾಕಿದಳು. ಹೊಲಿದು ಮುಗಿಸಿ ಭಾವನನ್ನು ತಿಳಿನೀರಿಗೆ ಬಿಟ್ಟಾಗ ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ಮಾವ ಪಕ್ಕದಲ್ಲೇ ಒಣ ಬಟ್ಟಲಿಗೆ ಮೊಟ್ಟೆ ಇಳಿಸತೊಡಗಿದ್ದರು.

"ಅಳೋದಾದ್ರೆ ಆಚೆ ಹೋಗಿ ಅಳು. ವೀರ್ಯ ಬೆರೆಸೋಕೆ ಮುಂಚೆ ಒಂದು ಹನಿ ನೀರು ಬಿದ್ರೂ ಮೊಟ್ಟೆ ಕೆಡುತ್ತೆ!"

ಅವಳು ಆಚೆ ಹೋಗಿ ಮನಸಾರೆ ಅತ್ತಳು.

ಮರುದಿನ ಮೊಟ್ಟೆಗಳೇನೋ ಒಡೆದು ಮರಿಗಳು ಪಿತಪಿತ ಎಂದವು. ಭಾವ ಮಾತ್ರ ತಳ ಬಿಟ್ಟು ಏಳಲಿಲ್ಲ. ಅವಳು ಅಂಚು ತಟ್ಟಿ ತಟ್ಟಿ ಸೋತಳು. ಗಂಡ ತಪ್ಪು ಮಾಡಿದವನಂತೆ ಸುತ್ತಮುತ್ತ ಸುಳಿದಾಡಿದ. ತನ್ನ ಹಟಕ್ಕೆ ಸುಮ್ಮನೆ ಅದನ್ನು ನರಳಿಸಿದೆನಲ್ಲಾ ಎಂದು ಅವಳು ತನ್ನನ್ನೇ ಬೈದುಕೊಂಡಳು.

ಒಂದು ಬೆಳಿಗ್ಗೆ ಶೆಡ್ಡಿಗೆ ಹೋದವಳು ಬಾಗಿಲಲ್ಲೇ ನಿಂತಳು. ಮಾವ ಕೊನೆಯ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಚು ತಟ್ಟುತ್ತಿದ್ದರು. "ಬಾರಪ್ಪ ಭಾವ, ಒಂದೇ ತುತ್ತು. ಅವಳು ಬರೋದ್ರೊಳಗೆ ತಿನ್ನು."

ನೀರು ಅಲುಗಿತು. ಮೊದಲು ಮೀಸೆ ಕಂಡಿತು, ಆಮೇಲೆ ಬಾಯಿ.

"ತಿಂತು ಕಣಮ್ಮಾ!" ತಿರುಗಿದ ಮಾವ ಸೊಸೆಯನ್ನು ಕಂಡು ಕೂಗಿಯೇ ಬಿಟ್ಟರು. ಆಮೇಲೆ ದನಿ ಇಳಿಯಿತು. "ಇಷ್ಟು ವರ್ಷ ಎಷ್ಟನ್ನ ಸುಮ್ನೆ ಕೊಂದೆನಲ್ಲಮ್ಮಾ. ಯಾರೂ ಹೇಳ್ಲಿಲ್ಲ."

ಅವಳು ಬಂದು ಅವರ ಪಕ್ಕದಲ್ಲೇ ಕೂತಳು.

ಮಾವ ಕಣ್ಣೊರೆಸಿಕೊಂಡು ನೀರೊಳಗೆ ಇಣುಕಿದರು. "ಹೊಲಿಗೆ ಮಾತ್ರ ಒಂಚೂರು ಸೊಟ್ಟ. ಮುಂದಿನ ಸಲ ನೆಟ್ಟಗೆ ಹಾಕು."