ಅರಿಶಿನ ಹಚ್ಚಿದ ಕಾಲು

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷ ನಾನು ಶಹಾಬಾದಿನ ಒಂದು ಕಲ್ಲಿನ ಖಣಿಯ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಪ್ರತಿ ಬಗೆಯ ಪೆಟ್ಟಿಗೂ ಕಚೇರಿಯವರು ಒಂದು ಸಂಖ್ಯೆ ಗೊತ್ತುಮಾಡಿದ್ದರು. ಚರ್ಮ ಹರಿಯದೆ ಒಳಗೇ ರಕ್ತ ಕಟ್ಟಿದರೆ ಅದು ಗುಪ್ತಗಾಯ: ಕೆಲಸದ ಮೇಲೆ ಆದ ಹೊಸ ಗಾಯಕ್ಕೆ ಹನ್ನೆರಡು, ಹಳೆಯದಕ್ಕೆ ಹದಿಮೂರು. ಹನ್ನೆರಡಾದರೆ ವಾಸಿಯಾಗುವವರೆಗೆ ಕೂತು ಮಾಡುವ ಕೆಲಸ ಸಿಗುತ್ತಿತ್ತು. ಹದಿಮೂರಾದರೆ ಕಲ್ಲು ಹೊರುವುದು ತಪ್ಪುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಕಲ್ಲು ಹೊರುವ ಅನಸುಬಾಯಿಯ ಎಡಗಾಲಿಗೆ ಫರ್ಸಿ ಕಲ್ಲಿನ ಚಪ್ಪಡಿ ಜಾರಿ ಬಡಿದಿತ್ತು. ನೆರೆಯ ಹಮೀದಾಬಿ ಆಕೆಯನ್ನು ನಡೆಸಿಕೊಂಡು ಬಂದಳು. ಮೇಸ್ತ್ರಿ ಗುರುಲಿಂಗಯ್ಯ ಬೆನ್ನಿಗೇ ಬಂದ. ಮೊಣಕಾಲಿನ ಕೆಳಗೆ ಬಾವು ಎದ್ದಿತ್ತು. ಆದರೆ ಚರ್ಮ ಪೂರಾ ಹಳದಿ. ಹೊಸ ಗಾಯ ಕೆಂಪಾಗಿ, ನೀಲಿಯಾಗಿ ಕಾಣಬೇಕು. ಹಳದಿಯಾಗುವುದು ವಾರ ಕಳೆದ ಮೇಲೆ.

ಗುರುಲಿಂಗಯ್ಯನಿಗೂ ಅದು ಗೊತ್ತಿತ್ತು. "ಹಳೇದದರಿ ಸಾಹೇಬ್ರ. ಹದಿಮೂರು ಹಾಕ್ರಿ," ಎಂದ.

ಬರುವ ದಾರಿಯಲ್ಲಿ ಮನೆಗೆ ಹೊಕ್ಕು ಅರಿಶಿನ ಅರೆದು ಹಚ್ಚಿದ್ದು ತಾನೇ ಎಂದು ಹಮೀದಾಬಿ ಹೇಳಿದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಸೋಪಿಗೆ ಬಣ್ಣ ಬಿಡಲಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಅನಸುಬಾಯಿ ಹಲ್ಲು ಕಚ್ಚಿ ಕೂತಿದ್ದಳು. ಹಳದಿ ಹೋಗಿ ಅಡಿಯಿಂದ ಕೆಂಪುಮಿಶ್ರಿತ ನೀಲಿ ಎದ್ದಿತು.

"ನೀವs ತಿಕ್ಕಿ ಕೆಂಪ ಮಾಡೀರಿ," ಎಂದ ಮೇಸ್ತ್ರಿ.

ನಾನು ಪ್ಯಾಂಟು ಮೇಲೆತ್ತಿ, ಹಮೀದಾಬಿಯ ಬಳಿ ಉಳಿದಿದ್ದ ಅರಿಶಿನವನ್ನೇ ನನ್ನ ಕಾಲಿಗೆ ಹಚ್ಚಿಕೊಂಡೆ. ಒಣಗಿದ ಮೇಲೆ ಅಷ್ಟೇ ಬಲವಾಗಿ ತಿಕ್ಕಿದೆ. ಚರ್ಮ ತುಸು ಕೆಂಪಾಯಿತು, ನೀಲಿಯಾಗಲಿಲ್ಲ. ಈ ಸಾಕ್ಷಿ ಸಾಕಲ್ಲವೇ ಎಂದೆ.

"ನಿಮ್ಮ ಕಾಲ ಭಾಳ ಛಲೋ ಅದರಿ," ಎಂದು ಗುರುಲಿಂಗಯ್ಯ ನಕ್ಕ.

ನಾನು ಹನ್ನೆರಡು ಬರೆದೆ. ಎಡಗಾಲು, ಮೊಣಕಾಲಿನ ಕೆಳಗೆ ಹೊರಮಗ್ಗುಲು, ಬಾವು, ಬಣ್ಣ, ಮೇಲೆ ಅರಿಶಿನ ಇದ್ದದ್ದು, ಅದನ್ನು ತೆಗೆದದ್ದು, ಎಲ್ಲ ಬರೆದು ಸಹಿ ಮಾಡಿದೆ. ಗುರುಲಿಂಗಯ್ಯ ಓದಿ ನೋಡಿದ. ತಾನು ಇದನ್ನು ಒಪ್ಪುವುದಿಲ್ಲ, ಇನ್ನು ಕಚೇರಿಯ ದೊಡ್ಡ ಡಾಕ್ಟರೇ ಬಂದು, ತಾವು ನೋಡಿದ ದಿನ ಕಾಲಿನ ಬಣ್ಣ ಹೇಗಿದೆಯೋ ಅದರ ಮೇಲೆಯೇ ತೀರ್ಮಾನಿಸಬೇಕು, ಅಲ್ಲಿಯವರೆಗೆ ಆಕೆ ಮೊದಲಿನ ಕೆಲಸವನ್ನೇ ಮಾಡಬೇಕು ಎಂದ. ಅವರು ಯಾವಾಗ ಬರುತ್ತಾರೆ ಎಂದು ಕೇಳಿದೆ.

"ಬರೂ ವಾರರಿ."

ಬರುವ ವಾರ ಆ ಕಾಲು ಅರಿಶಿನವಿಲ್ಲದೆಯೇ ಹಳದಿಯಾಗಿರುತ್ತದೆ. ನಾನು ಬರೆದದ್ದನ್ನು ಕಾಲೇ ಸುಳ್ಳು ಮಾಡುತ್ತದೆ. ಗುರುಲಿಂಗಯ್ಯನ ಮುಖ ನೋಡಿದೆ. ಇಷ್ಟನ್ನು ಅವನು ಮೊದಲೇ ಲೆಕ್ಕ ಹಾಕಿದ್ದ.

ಸಿಟ್ಟನ್ನು ತೋರಬಾರದವರ ಮೇಲೆ ತೋರಿದೆ. ಇನ್ನು ಮುಂದೆ ಪೆಟ್ಟಾದರೆ ಏನೂ ಹಚ್ಚದೆ ನೆಟ್ಟಗೆ ಇಲ್ಲಿಗೆ ಬರಬೇಕೆಂದು ಹಮೀದಾಬಿಯನ್ನು ಗದರಿಸಿದೆ. ಆಕೆ ತಲೆ ತಗ್ಗಿಸಿದಳು.

ಅನಸುಬಾಯಿ ಗೋಡೆ ಹಿಡಿದು ಎದ್ದು ನಿಂತಳು. "ಆಕಿಗ್ಯಾಕ ಬೈಲಿಕತ್ತೀರಿ ಸಾಹೇಬ್ರ? ಆಕಿ ಹಚ್ಚಿದ್ದಕ್ಕs ಇಲ್ಲೀತನ ನಡದೀನಿ," ಎಂದಳು. ಗೆಳತಿಯ ಭುಜದ ಮೇಲೆ ಕೈಯಿಟ್ಟು, ಖಣಿಯ ದಾರಿ ಹಿಡಿದಳು.